ಎಲ್ಲ ಕಾಯಿಗೂ ಹಸಿರು ದೀಪ

ನಮ್ಮಕ್ಕ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ಅದನ್ನು ನಾನು ಮಾಡಲಿಲ್ಲ. ಮರೆತುಹೋಯಿತು ಎಂದು ಹೇಳಿಕೊಂಡು ತಿರುಗಬಹುದಿತ್ತು; ಆದರೆ ಮರೆತಿರಲಿಲ್ಲ. ಅವಳಿಗಿಂತ ನನಗೇ ಚೆನ್ನಾಗಿ ಗೊತ್ತು ಅಂದುಕೊಂಡೆ! ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟು, ಆಮೇಲೆ ಲಗೇಜ್ ಆಟೋ ಹತ್ತಿದ ನನ್ನಂಥವನಿಗೆ ಇಂಥ ಭ್ರಮೆ ಆಗಾಗ ಬರುತ್ತದೆ. ಓದಿದವರಿಗೂ ಬರುತ್ತದಂತೆ. ಅದು ಬೇರೆ ವಿಷಯ.

ಅಕ್ಕನ ವಿಚಾರ ಮೊದಲು ಹೇಳಿಬಿಡುತ್ತೇನೆ. ಅವಳು ಈ ಲೋಕದಲ್ಲಿ ಯಾವುದನ್ನೂ ಕಣ್ಣಿನಿಂದ ನೋಡಿ ನಂಬಿದವಳೇ ಅಲ್ಲ. ಕೈಗೆತ್ತಿಕೊಂಡು, ಅಲ್ಲಾಡಿಸಿ, ಕಿವಿಗೆ ಹಿಡಿದು, ಒಳಗಿನ ಸದ್ದು ಕೇಳಿದ ಮೇಲೆಯೇ ನಂಬುವುದು. ಬೆಂಕಿಪೊಟ್ಟಣ, ಗ್ಯಾಸ್ ಸಿಲಿಂಡರ್, ಮಾತ್ರೆ ಡಬ್ಬಿ ಎಲ್ಲಕ್ಕೂ ಇದೇ ಶಾಸ್ತಿ. ನನ್ನ ತಲೆಗೂ! ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿದರೆ ಅವಳು ಹೊಡೆಯುತ್ತಿರಲಿಲ್ಲ. ಎರಡು ಕೈಯಲ್ಲೂ ತಲೆ ಹಿಡಿದು ಅಲ್ಲಾಡಿಸಿ, ಕಿವಿಯಿಟ್ಟು ಕೇಳಿ, ಅವ್ವನಿಗೆ ವರದಿ ಒಪ್ಪಿಸುತ್ತಿದ್ದಳು: "ಒಳಗೆ ಇನ್ನೂ ನೀರೈತೆ ಕಣವ್ವ. ಅಟ್ಟಕ್ಕೆ ಹಾಕು ಇವನ್ನ, ಒಣಗ್ಲಿ."

ನಮ್ಮ ಸೀಮೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಾರದು. ನಾವು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮರೆತುಬಿಡುವ ಜನ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಎಂದು ತಿಳಿಯಲು ಅಲ್ಲಾಡಿಸುವುದೊಂದೇ ದಾರಿ. ಲೊಡಲೊಡ ಅಂದರೆ ಆಯಿತು, ಕುಲುಕುಲು ಅಂದರೆ ಇಲ್ಲ. ಅವಸರಪಟ್ಟು ಒಡೆದರೆ ಆ ಕಾಯಿ ಕೊಬ್ಬರಿಯೂ ಅಲ್ಲ, ಚಟ್ನಿಗೂ ಇಲ್ಲ. ಒಡೆದ ಚಿಪ್ಪನ್ನು ಮತ್ತೆ ಅಂಟಿಸಿದವರು ಯಾರಿದ್ದಾರೆ? ಹಾಗಾಗಿ ಎಲ್ಲರೂ ಅಟ್ಟದ ಮೇಲೆ ಕಾಯಿ ಅಲ್ಲಾಡಿಸುತ್ತಾರೆ. ಅಕ್ಕ ಅಟ್ಟದಿಂದ ಇಳಿದ ಮೇಲೂ ನಿಲ್ಲಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನಾಯಿತು ಗೊತ್ತೆ? ತಟ್ಟೆಯಲ್ಲಿ ಹೂವು, ಹಣ್ಣು, ಕಾಯಿ ಇಟ್ಟು ಕೊಟ್ಟರು. ಇವಳು ತಲೆ ತಗ್ಗಿಸಿ ತೆಗೆದುಕೊಂಡಳು. ಅಲ್ಲಿಗೆ ನಿಂತಿದ್ದರೆ ಇವತ್ತು ನನಗೊಬ್ಬ ಭಾವ ಇರುತ್ತಿದ್ದ. ಆದರೆ ಕೈ ಸುಮ್ಮನಿರಬೇಕಲ್ಲ! ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿಯೇ ಬಿಟ್ಟಳು.

"ಇದು ಭಾಳ ಹಳೇ ಕಾಯಿ ಕಣ್ರೀ. ನಮ್ಮನೆಗೆ ಬರೋಕ್ ಮುಂಚೆ ಎಲ್ಲೆಲ್ಲಿ ಹೋಗ್ಬಂದೈತೆ?"

ಗಂಡಿನ ತಾಯಿಯ ಮುಖ ಬಾಡಿತು. ಗಂಡು ಮಾತ್ರ ಪಾಪ, ಬಹಳ ಸಾಧು. "ಮಾಯಸಂದ್ರದೋರು ಹೆಣ್ ಕೊಡಲ್ಲ ಅಂದು ವಾಪಸ್ ಕೊಟ್ರು ಕಣ್ರೀ" ಎಂದುಬಿಟ್ಟ!

ಅವರು ಕಾಫಿ ಕುಡಿಯದೆ ಎದ್ದರು. ಅವ್ವ ಆಮೇಲೆ ಎಷ್ಟೋ ಕಾಲ ಕೊರಗಿದಳು. "ಗಂಡು ಸುಳ್ಳು ಹೇಳೋನಲ್ಲ ಅಂತ ಗೊತ್ತಾಯ್ತಲ್ಲೇ, ಒಪ್ಕಳಾದಲ್ವಾ?"

"ಮಗ ಸುಳ್ಳು ಹೇಳಲ್ಲ ಕಣವ್ವ. ಅವರವ್ವ ಹೇಳುಸ್ತಾಳೆ" ಎಂದಳು ಅಕ್ಕ.

ಹುಳಿಯಾರಿನಿಂದ ತಿಪಟೂರಿಗೆ ಬರುವ ಬಸ್ಸಿನಲ್ಲೂ ಅಷ್ಟೆ. ಒಂದು ಸಲ ಕಿಟಕಿ ಪಕ್ಕ ಕೂತಿದ್ದವಳು ಎದ್ದು, ಹಿಂದಿನ ಚಕ್ರದ ಸದ್ದು ಸರಿಯಿಲ್ಲ ಎಂದಳು. ಕಂಡಕ್ಟರ್ ನಕ್ಕು, "ಟಿಕೆಟ್ ತಗಂಡಿರೋದು ಕೂರೋಕೆ ಕಣಮ್ಮ, ಕೇಳೋಕಲ್ಲ" ಅಂದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಯರು ಢಮ್ಮೆಂದಿತು. ಈಗ ಆ ಕಂಡಕ್ಟರ್ ಅವಳನ್ನು ಕಂಡರೆ ಸೀಟಿ ಊದುವ ಮೊದಲು ಕೇಳುತ್ತಾನೆ: "ಅಕ್ಕಾರೆ, ಹೊರಡ್ಬೋದಾ?"

ಇಂಥವಳು ಡಿಪ್ಲೊಮಾ ಓದಿ, ಊರಿನಲ್ಲೇ ಮಿಕ್ಸಿ, ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಇದ್ದಳು. ಮುಂದೆ ಅವಳು ಮಾಡಿದ ಕಾಯಿ ಪರೀಕ್ಷೆಯ ಡಬ್ಬ ಹುಟ್ಟಿದ್ದು ಅವ್ವನಿಂದ. ನಮ್ಮೂರಿನಲ್ಲಿ ಅವ್ವನ ಕಿವಿ ಎಂದರೆ ಕಿವಿ. ಅಕ್ಕಪಕ್ಕದವರೆಲ್ಲ ಕೊಬ್ಬರಿ ಒಡೆಯುವ ಮೊದಲು ಅವಳನ್ನು ಕರೆಯುತ್ತಿದ್ದರು. ಆ ಕಿವಿ ವಯಸ್ಸಿಗೆ ಮಂದವಾಯಿತು. ಒಂದು ವರ್ಷ ಅವಳು 'ಆಗೈತೆ' ಅಂದ ಕಾಯಿಗಳೆಲ್ಲ ಒಡೆದಾಗ ಹಸಿ. ಅವ್ವ ಆ ಹೋಳುಗಳನ್ನೆಲ್ಲ ತಾನೇ ಗುಡಿಸಿ ಹಾಕಿದಳು. ಮಾರನೇ ದಿನದಿಂದ ಅಟ್ಟ ಹತ್ತಲಿಲ್ಲ.

ಆಗ ಅಕ್ಕ ಒಂದು ಬಿಸ್ಕತ್ತಿನ ತಗಡಿನ ಡಬ್ಬ, ಹಳೇ ಮಿಕ್ಸಿಯ ಮೋಟಾರು, ಯಾವುದೋ ಸತ್ತ ಮೊಬೈಲಿನ ಕರುಳು ಎಲ್ಲ ಸೇರಿಸಿ ನಡುಮನೆಯಲ್ಲಿ ಕೂತಳು. ಕಾಯಿ ಇಟ್ಟರೆ ಡಬ್ಬವೇ ಅಲ್ಲಾಡಿಸಿ, ಡಬ್ಬವೇ ಕೇಳಿಸಿಕೊಂಡು, ಕೊಬ್ಬರಿಯಾಗಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ ಹಾಕಬೇಕು. ಮೊದಮೊದಲು ಅದು ಕಾಯಿಯನ್ನು ಬೀದಿಗೆ ಎಸೆಯುತ್ತಿತ್ತು. ನಮ್ಮ ಮನೆ ಮುಂದೆ ಜನ ತಲೆ ಮೇಲೆ ಕೈ ಇಟ್ಟುಕೊಂಡು ಓಡಾಡಿದ ಕಾಲವೂ ಒಂದಿತ್ತು! ಕೊನೆಗೂ ಅದು ಪಳಗಿತು.

ಅಷ್ಟರಲ್ಲಿ ತುಮಕೂರಿನಲ್ಲಿ ಸುತ್ತಲಿನ ಜಿಲ್ಲೆಗಳಿಗೆಲ್ಲ ಸೇರಿ ದೊಡ್ಡ ಸ್ಟಾರ್ಟಪ್ ಸಮಾವೇಶ ನಡೆಯುತ್ತದೆಂದು ಗೊತ್ತಾಯಿತು. ಆಯ್ಕೆಯಾದವರಿಗೆ ಕೆಲಸ ಮಾಡಲು ಜಾಗ, ಯಂತ್ರ, ಜನ ಎಲ್ಲ ಕೊಡುತ್ತಾರಂತೆ. ಅಕ್ಕ ಹೆಸರು ಕೊಟ್ಟಳು, ಕರೆಯೂ ಬಂತು.

"ಸ್ಟಾರ್ಟಪ್ ಅಂದ್ರೆ ಏನೇ?" ಅವ್ವ ಕೇಳಿದಳು.

ಅಕ್ಕ ಅವಳ ಕಿವಿಯ ಹತ್ತಿರ ಕೂಗಿದಳು, "ಹೊಸ ಕೆಲ್ಸ ಶುರು ಮಾಡಾದು ಕಣವ್ವ."

"ಶುರು ಮಾಡೋದ್ರಲ್ಲಿ ನೀನ್ಯಾವಾಗ ಹಿಂದೆ ಬಿದ್ದಿದ್ದೆ? ಮುಗ್ಸೋರ ಸಮಾವೇಶ ಎಲ್ಲಾದ್ರೂ ಮಾಡ್ತಾರಾ ಕೇಳು!"

ಅಕ್ಕನಿಗೆ ಆ ಮಾತು ತಾಗಿತು. "ಆಯ್ತು ಬುಡವ್ವ. ಈ ಸಲ ಅವರು ಒಪ್ಲಿಲ್ಲ ಅಂದ್ರೆ ಡಬ್ಬನ ಅಟ್ಟಕ್ಕೆ ಹಾಕ್ತೀನಿ. ಮತ್ತೆ ಇಳಿಸಲ್ಲ" ಎಂದಳು. ಅವಳು ಹೇಳಿದರೆ ಹೇಳಿದಂತೆ ನಡೆಯುವವಳು.

ತಯಾರಿ ಶುರುವಾಯಿತು ನೋಡಿ! ಎರಡು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಬೇಕೆಂದು ಆದೇಶ. ನಮ್ಮ ಮನೆಯಲ್ಲಿ ಎರಡು ನಿಮಿಷಕ್ಕೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಅನ್ನುವ ವಿಷಯವೂ ಮುಗಿಯುವುದಿಲ್ಲ. ಅಕ್ಕ ಜಗುಲಿಯ ಮೇಲೆ ತೆಂಗಿನಕಾಯಿಗಳನ್ನು ಸಾಲಾಗಿ ಕೂರಿಸಿ, ಅವುಗಳ ಮುಂದೆ ನಿಂತು ಭಾಷಣ ಮಾಡತೊಡಗಿದಳು.

"ಮನುಷ್ಯರ ಮುಂದೆ ಮಾಡ್ಬಾರ್ದಾ?" ಎಂದೆ.

"ಇವರಿಗೆ ಒಬ್ಬೊಬ್ರಿಗೂ ಮೂರ್ ಮೂರ್ ಕಣ್ಣು ಕಣ್ಲಾ. ಆದ್ರೂ ಒಬ್ರಾದ್ರೂ ಮಧ್ಯದಲ್ಲಿ ಫೋನ್ ನೋಡ್ತಾರಾ?"

ವಿಸಿಟಿಂಗ್ ಕಾರ್ಡು ಮಾಡಿಸಿದಳು. ಅವಳದು ಸರಿ, ನನಗೂ ಒಂದು ಕಟ್ಟು! ನನ್ನ ಹೆಸರಿನ ಕೆಳಗೆ 'ಆಪರೇಷನ್ಸ್ ಹೆಡ್' ಎಂದಿತ್ತು. ಆಟೋದಲ್ಲಿ ಡಬ್ಬ ಮತ್ತು ಕಾಯಿ ಸಾಗಿಸುವವನಿಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರಂತೆ. ನನ್ನ ಹೆಸರು ಅಚ್ಚಾಗಿದ್ದನ್ನು ನಾನು ನೋಡಿದ್ದು ಅದಕ್ಕೆ ಮೊದಲು ರೇಷನ್ ಕಾರ್ಡಿನಲ್ಲಿ ಮಾತ್ರ. ಸಂತೋಷಕ್ಕೆ ಟೀ ಅಂಗಡಿ, ಕ್ಷೌರದಂಗಡಿ, ಪಂಚರ್ ಅಂಗಡಿ ಎಲ್ಲ ಕಡೆ ಹಂಚಿದೆ. ಸಮಾವೇಶದ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಹೊರಡುವ ಹಿಂದಿನ ದಿನ ಅಕ್ಕ ಆ ಒಂದು ಕೆಲಸ ಹೇಳಿದಳು. "ಅಟ್ಟದಿಂದ ಕಾಯಿ ಇಳ್ಸು. ಕೊಬ್ಬರಿಯಾಗಿರೋದು, ನೀರಿರೋದು, ಎರಡೂ ಬೆರ್ಸಿ ತುಂಬು. ಕೇಳ್ತೇನ್ಲಾ? ಎರಡೂ!"

ಕೇಳಿಸಿತು. ಅಟ್ಟ ಹತ್ತಿದೆ. ಆದರೆ ನೀರಿನ ಕಾಯಿ ಕೈಗೆ ಬಂದಾಗ ಮನಸ್ಸು ಒಪ್ಪಲಿಲ್ಲ. ನಮ್ಮಪ್ಪ ಇದ್ದಾಗ ಮಂಡಿಗೆ ಹೋಗುವ ಮೂಟೆಯಲ್ಲಿ ಒಂದೇ ಒಂದು ಹಸಿ ಕಾಯಿ ಸಿಕ್ಕಿದರೂ ಅವತ್ತು ಮನೆಯಲ್ಲಿ ಊಟವಿಲ್ಲ. ಊರಾಚೆ ಹೋಗುವ ಮಾಲು ಮನೆಯ ಮರ್ಯಾದೆ. ತುಮಕೂರಿನ ದೊಡ್ಡ ಜನರ ಮುಂದೆ ಹಸಿ ಕಾಯಿ ಇಡುವುದೆ? ಅಕ್ಕನಿಗೇನು ಗೊತ್ತು ವ್ಯವಹಾರ! ಹೆಕ್ಕಿ ಹೆಕ್ಕಿ ಲೊಡಲೊಡ ಅನ್ನುವ ಕಾಯಿಗಳನ್ನೇ ಆರಿಸಿ, ಸುಲಿದು, ಜುಟ್ಟು ನಾರು ಒಂದೂ ಇಲ್ಲದಂತೆ ನುಣ್ಣಗೆ ಕೆರೆದು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಚೀಲ ಕಟ್ಟಿದೆ. ಹೆಣ್ಣು ನೋಡಲು ಹೊರಟ ಗಂಡುಗಳಂತೆ ಫಳಫಳ ಹೊಳೆಯುತ್ತಿದ್ದವು.

"ಬೆರ್ಸಿದೀಯಾ?" ಎಂದು ಅಕ್ಕ ಆಟೋದಲ್ಲಿ ಕೇಳಿದಳು.

"ಎಲ್ಲಾ ಆಗೈತೆ, ನೀ ಭಾಷಣ ಹೇಳ್ಕೋ" ಎಂದೆ.

ಸಮಾವೇಶದ ಚಪ್ಪರವೋ, ನಮ್ಮೂರಿನ ಕೆರೆಯಷ್ಟು ದೊಡ್ಡದು. ಮಳಿಗೆಗಳ ಸಾಲು, ಎಲ್ಲರ ಕೊರಳಲ್ಲೂ ಪಟ್ಟಿ, ಬಾಗಿಲಲ್ಲಿ ಪೂಜೆ ಮಾಡಿಟ್ಟ ಕಳಶ. ತೀರ್ಪುಗಾರರು ಬಂದರು. ಮುಂದೆ ಕೋಟು ಹಾಕಿದ ಒಬ್ಬರು. ಅಕ್ಕ ಎರಡೇ ನಿಮಿಷದಲ್ಲಿ, ಒಂದು ಮಾತೂ ತಡವರಿಸದೆ, ಅವ್ವನ ಕಿವಿಯಿಂದ ಹಿಡಿದು ಡಬ್ಬದವರೆಗೆ ಹೇಳಿ ಮುಗಿಸಿದಳು. ಕಾಯಿ ಇಟ್ಟಳು. ಡಬ್ಬ ಅಲ್ಲಾಡಿಸಿತು. ಹಸಿರು. ಇನ್ನೊಂದು. ಹಸಿರು. ಮತ್ತೊಂದು. ಹಸಿರು!

ಕೋಟಿನವರು ಬಗ್ಗಿ ನೋಡಿದರು. "ಆ ಕೆಂಪು ದೀಪ ಹತ್ತುತ್ತಾ ಮೇಡಂ, ಅಥವಾ ಚಂದಕ್ಕೆ ಇಟ್ಟಿದ್ದೀರಾ?"

ಸುತ್ತ ನಿಂತವರು ನಕ್ಕರು. ಅಕ್ಕ ಚೀಲದಿಂದ ಒಂದೊಂದೇ ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಲೊಡಲೊಡ. ಲೊಡಲೊಡ. ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಕಾಯಿ ಆರಿಸಿದವರು ಯಾರು?" ಎಂದರು ಕೋಟಿನವರು.

"ನಾನೇ ಸಾರ್. ಗಡಿಬಿಡೀಲಿ ಬರೀ ಕೊಬ್ಬರಿಯಾಗಿರೋದನ್ನೇ ತಂದ್ಬುಟ್ಟೆ" ಎಂದಳು ಅಕ್ಕ.

ಆಪರೇಷನ್ಸ್ ಹೆಡ್ ಏನು ಮಾಡಿದರು ಅಂತೀರಾ? "ಆಟೋ ಅಡ್ಡ ನಿಲ್ಸಿದೀನೇನೋ, ನೋಡ್ಕಂಡ್ ಬತ್ತೀನಿ" ಎಂದು ಗೊಣಗಿ, ಪಕ್ಕದ ಮಳಿಗೆಯ ಬ್ಯಾನರಿನ ಹಿಂದೆ ಸೇರಿಕೊಂಡರು. ಬ್ಯಾನರಿನ ಮುಂದೆ ಹಲ್ಲು ಕಿರಿಯುವ ರೈತನ ಚಿತ್ರ, ಹಿಂದೆ ನಾನು. 'ಅವಳದಲ್ಲ, ನನ್ನದು ತಪ್ಪು' ಅನ್ನಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ ಕೂಡ ಬೇಡ. ನಾನು ಮಾತ್ರ ಬ್ಯಾನರಿಗೆ ಇನ್ನಷ್ಟು ಒತ್ತಿಕೊಂಡು ನಿಂತೆ. ಡಬ್ಬ ಅಟ್ಟ ಹತ್ತುವುದು ಕಣ್ಣ ಮುಂದೆ ಕಾಣುತ್ತಿತ್ತು.

ಬ್ಯಾನರಿನ ಸಂದಿಯಿಂದ ನೋಡುತ್ತೇನೆ, ಅಕ್ಕ ನನ್ನ ನುಣುಪು ಕಾಯಿಯೊಂದನ್ನು ಹಿಡಿದು ಸೀದಾ ಬಾಗಿಲ ಕಡೆ ನಡೆಯುತ್ತಿದ್ದಾಳೆ! ಹೋದವಳೇ ಕಳಶಕ್ಕೆ ಕೈ ಮುಗಿದಳು, ಪೂಜೆ ಮುಗಿಸಿದ ಪುರೋಹಿತರಂತೆ ತುಸು ಕದಲಿಸಿದಳು, ಅದರ ಮೇಲಿನ ಕಾಯಿ ಎತ್ತಿಕೊಂಡಳು.

"ಮೇಡಂ, ಮೇಡಂ! ಅದು ಕಳಶದ ಕಾಯಿ!" ವ್ಯವಸ್ಥಾಪಕರೊಬ್ಬರು ಓಡಿ ಬಂದರು.

"ಖಾಲಿ ಬುಡಲ್ಲ ಕಣ್ರೀ, ಬದ್ಲಿ ಇಡ್ತೀನಿ" ಎಂದು ನಾನು ಕೆರೆದಿದ್ದ ಕಾಯಿಯನ್ನು ಅಲ್ಲಿ ಕೂರಿಸಿದಳು. ಜುಟ್ಟು ಕಳೆದುಕೊಂಡ ಆ ಕಳಶ ತಿರುಪತಿಗೆ ಹೋಗಿ ಬಂದ ಹಾಗಿತ್ತು.

ಅರಿಶಿನ ಕುಂಕುಮ ಹಚ್ಚಿಕೊಂಡ ಕಾಯಿ ಡಬ್ಬದ ಮೇಲೆ ಕೂತಿತು. ಡಬ್ಬ ಅಲ್ಲಾಡಿಸಿತು. ಯೋಚಿಸಿತು. ದೇವರ ಕಾಯಿ ಎಂದು ಅದಕ್ಕೂ ಸಂಕೋಚವಾಯಿತೇನೋ! ಆಮೇಲೆ ಹತ್ತಿತು ನೋಡಿ, ಕೆಂಪು ದೀಪ!

"ಒಡೆದು ತೋರ್ಸಿ" ಎಂದರು ಕೋಟಿನವರು. ಅಕ್ಕ ಒಂದೇ ಏಟಿಗೆ ಒಡೆದಳು. ನೀರು ಚಿಮ್ಮಿ ಕೋಟಿನ ಮೇಲೆಲ್ಲ ಬಿತ್ತು. ಹಸಿರು ಬಂದಿದ್ದ ಕಾಯಿಯೊಂದನ್ನು ಒಡೆದಳು. ಉಂಡೆ ಕೊಬ್ಬರಿ ಬಿಡಿಯಾಗಿ ಹೊರಬಂದು, ಉರುಳಿ, ಅವರ ಬೂಟಿನ ಹತ್ತಿರ ನಿಂತಿತು. ಕೋಟಿನವರು ಒದ್ದೆ ತೋಳನ್ನು ನೋಡಿಕೊಂಡರು, ಬೂಟಿನ ಹತ್ತಿರದ ಕೊಬ್ಬರಿಯನ್ನು ನೋಡಿದರು, ಜೋರಾಗಿ ನಕ್ಕರು. ಚಪ್ಪಾಳೆಯೋ ಚಪ್ಪಾಳೆ!

ಸಂಜೆ ಆಯ್ಕೆಯಾದವರ ಹೆಸರು ಕೂಗಿದರು. ಅಕ್ಕನ ಹೆಸರೂ ಇತ್ತು. ಅಬ್ಬ! ತಲೆ ಮೇಲಿನ ಮೂಟೆ ಇಳಿಸಿದಂತಾಗಿ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ವಾಪಸ್ ಬರುವಾಗ ಕೆ.ಬಿ. ಕ್ರಾಸಿನಲ್ಲಿ ಟೀಗೆ ನಿಲ್ಲಿಸಿದೆ. ದಾರಿಯುದ್ದಕ್ಕೂ ಅವಳು ಕಾಯಿಯ ಮಾತೆತ್ತಿರಲಿಲ್ಲ. ಅವ್ವನಿಗೆ ಫೋನ್ ಹಚ್ಚಿ, ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು: "ಒಪ್ಪಿದ್ರು ಕಣವ್ವ! ಹ್ಞೂಂ, ನಿನ್ ಮಗನೂ ಜತೇಲೇ ಅವ್ನೆ. ಕಾಯಿ ಎಷ್ಟು ಚೆನ್ನಾಗಿ ಸುಲ್ದಿದ್ದ ಅಂದ್ರೆ, ಎಲ್ರೂ ಅದನ್ನೇ ನೋಡ್ತಿದ್ರು!"

ಅತ್ತ ಅವ್ವ ಏನೋ ಕೂಗಿದಳು. "ನಾಳೆ ನನ್ನೂ ಅಟ್ಟ ಹತ್ಸು, ಡಬ್ಬನೂ ತಾ" ಅಂದಳಂತೆ. ಅಕ್ಕ ಫೋನ್ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ಟೀ ಲೋಟದಲ್ಲೇ ಆರುತ್ತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆಮೇಲೆ, ಮೀಸೆ ನರೆತ ತಮ್ಮ ಎಂದೂ ನೋಡದೆ, ಅಷ್ಟು ಜನರ ಮುಂದೆ, ಎರಡು ಕೈಯಲ್ಲೂ ನನ್ನ ತಲೆ ಹಿಡಿದು ಅಲ್ಲಾಡಿಸಿ, ಕಿವಿಯಿಟ್ಟು ಕೇಳಿದಳು.

"ಏನೋ ಒಳಗೇ ಅಂಟ್ಕಂಡೈತೆ ಕಣ್ಲಾ. ಬುಟ್ಕಂಡಿಲ್ಲ."

"ಅಕ್ಕ," ಎಂದೆ. ಟೀ ಲೋಟ ಕೆಳಗಿಟ್ಟೆ. "ನೀ ಎರಡೂ ಬೆರ್ಸು ಅಂದಿದ್ದು ಕೇಳಿಸ್ತು. ಕೇಳಿಸ್ಕಂಡೇ ನಾ ಬೆರ್ಸಲಿಲ್ಲ. ಅಲ್ಲಿ ನಿನ್ನ ಒಬ್ಳನ್ನೇ ಬುಟ್ಟು ಬ್ಯಾನರ್ ಹಿಂದೆ ನಿಂತ್ಕಂಡಿದ್ದೆ. ತಪ್ಪಾಯ್ತು ಕಣಕ್ಕ."