ಕ್ಯಾಮೆರಾಕ್ಕೊಂದು ಚರ್ಮದ ಅಂಗಿ

ವಸ್ತುವೊಂದು ಮನೆಗೆ ಬಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅದಕ್ಕೊಂದು ಹೊದಿಕೆ ಬಂದಾಗಲೇ ಅದು ನಮ್ಮದಾಯಿತೆಂದು ಅರ್ಥ. ನಮ್ಮ ಜಮಖಂಡಿಯಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ರೇಡಿಯೋಕ್ಕೆ ಕಸೂತಿ ಹಾಕಿದ ಬಟ್ಟೆ, ಸೈಕಲ್ಲಿನ ಸೀಟಿಗೆ ಮಖಮಲ್ಲಿನ ಟೊಪ್ಪಿಗೆ, ಹೊಲಿಗೆ ಯಂತ್ರಕ್ಕೆ ಹಳೆಯ ಸೀರೆಯ ಸೆರಗು. ಟ್ರಾನ್ಸಿಸ್ಟರ್ ಅಂತೂ ಅಂಗಡಿಯಿಂದ ಬರುವಾಗಲೇ ಚರ್ಮದ ಕೋಟು ತೊಟ್ಟುಕೊಂಡು ಬರುತ್ತದೆ. ನಮ್ಮ ನೀರಾವರಿ ಕಚೇರಿಯ ಹೆಡ್ ಕ್ಲಾರ್ಕ್ ಕುಲಕರ್ಣಿಯವರು ತಮ್ಮ ಕನ್ನಡಕದ ಡಬ್ಬಿಗೂ ಒಂದು ಚೀಲ ಹೊಲಿಸಿದ್ದರು. ಅವರು ಚೀಲ ಬಿಚ್ಚಿ, ಡಬ್ಬಿ ತೆರೆದು, ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಕಾಗದ ತಂದವನು ಹೊರಗೆ ಹೋಗಿ ಚಹಾ ಕುಡಿದು ಬಂದಿರುತ್ತಿದ್ದ. ನಾನು ಅವರನ್ನು ನೋಡಿ ಮುಸಿಮುಸಿ ನಗುತ್ತಿದ್ದೆ. ನಗು ನಿಂತದ್ದು ನನ್ನ ಕೈಗೆ ಕ್ಯಾಮೆರಾ ಬಂದ ಮೇಲೆ.

ಕ್ಯಾಮೆರಾ ಕೊಟ್ಟವರು ಮಿಲಿಟರಿಯಲ್ಲಿದ್ದು ನಿವೃತ್ತರಾದ ನಮ್ಮ ಕಾಕಾ. ಅದರ ಮೂಲ ಚೀಲ ಎಲ್ಲೋ ಗಡಿಯ ಚಳಿಗೆ, ಬೂಷ್ಟಿಗೆ ಸಿಕ್ಕು ಹರಿದುಹೋಗಿತ್ತಂತೆ. ಬೆತ್ತಲೆ ಕ್ಯಾಮೆರಾವನ್ನೇ ಕೈಗಿತ್ತರು. ಅದು ರೇಂಜ್‌ಫೈಂಡರ್ ಎಂಬ ಜಾತಿಯದು. ಮೇಲಿನ ಪುಟ್ಟ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಮುಂದಿನ ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಇಬ್ಬರೂ ಸರಿಯುತ್ತ ಬಂದು ಒಬ್ಬರಾಗುತ್ತಾರೆ. ಆಗ ಗುಂಡಿ ಒತ್ತಬೇಕು. ಇದರ ದೊಡ್ಡ ಗುಣವೆಂದರೆ ಒತ್ತಿದರೆ ಸದ್ದೇ ಇಲ್ಲ. ಸ್ಟುಡಿಯೋದ ಡಬ್ಬಿಗಳಂತೆ ಠಕ್ ಎನ್ನುವುದಿಲ್ಲ. ಫೋಟೋ ತೆಗೆಸಿಕೊಂಡವರಿಗೇ ಗೊತ್ತಾಗದಂತೆ ಫೋಟೋ ತೆಗೆಯಬಹುದು. ಈ ಗುಣವನ್ನು ನಾನು ಕಚೇರಿಯಲ್ಲಿ ಎಷ್ಟು ಸಲ ವರ್ಣಿಸಿದೆನೆಂದರೆ, ನಾನು ಬಂದ ಕೂಡಲೇ ಎಲ್ಲರೂ ತಲೆ ಬಾಚಿಕೊಳ್ಳತೊಡಗಿದರು.

ಈ ಗುಣವನ್ನು ಕೇಳಿ ನಿಜವಾಗಿ ಕಿವಿ ನೆಟ್ಟಗಾದದ್ದು ನನ್ನ ಹೆಂಡತಿ ಗಿರಿಜೆಯದು. ಅವಳ ತವರು ರಬಕವಿ. ಅವಳ ಅಪ್ಪ, ಅಂದರೆ ನಮ್ಮ ಮಾವನವರು, ಬುದ್ಧಿ ಬಂದಾಗಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವರು. ಅವರದೊಂದು ಸರಿಯಾದ ಫೋಟೋ ಮನೆಯಲ್ಲಿರಲಿಲ್ಲ. ಹಿಂದೊಮ್ಮೆ ಮಕ್ಕಳ ಒತ್ತಾಯಕ್ಕೆ ಸ್ಟುಡಿಯೋಕ್ಕೆ ಹೋಗಿದ್ದರಂತೆ. ಅಲ್ಲಿಯವನು ಅವರಿಗೆ ತನ್ನ ಕೋಟು ತೊಡಿಸಿ, ಪಕ್ಕದಲ್ಲಿ ತಂತಿಯಿಲ್ಲದ ಟೆಲಿಫೋನು ಇಟ್ಟು, ಗದ್ದ ಎತ್ತಿ ಹಿಡಿದು ಕೂರಿಸಿದ. ಫೋಟೋದ ಪ್ರತಿ ಬಂದಾಗ ಮಾವನವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರೊಳಗೆ ಕೋಟು ಐತಿ, ಟೆಲಿಫೋನು ಐತಿ, ನಾನು ಎಲ್ಲಿ ಅದೀನಿ ಎಂದು ಕೇಳಿದರಂತೆ. ಅವತ್ತಿನಿಂದ ಯಾರಾದರೂ ಫೋಟೋ ಎಂದರೆ ಸಾಕು, ಎದ್ದು ಹೋಗಿಬಿಡುವರು. ಈಗ ಗಿರಿಜೆಯ ಅಣ್ಣಂದಿರು ಪವರ್‌ಲೂಮ್ ತರಿಸುವುದೆಂದು ನಿಶ್ಚಯಿಸಿದ್ದರು. ದೀಪಾವಳಿಯ ಮೊದಲೇ ಕುಣಿ ಮುಚ್ಚಿ, ನೆಲ ಸಮ ಮಾಡುವುದಿತ್ತು. ಅಷ್ಟರೊಳಗೆ ಅಪ್ಪ ಮಗ್ಗದಲ್ಲಿ ಕೂತ ಒಂದು ಫೋಟೋ ಬೇಕು, ಅವರಿಗೆ ಗೊತ್ತಾಗದಂತೆ ತೆಗೆಯಬೇಕು ಎಂಬುದು ಅವಳ ಆಸೆ. ಅದೇನು ಮಹಾ, ಆಯಿತೆಂದೇ ತಿಳಿ ಎಂದೆ.

ಹಾಗಾದರೆ ಬರುವ ರವಿವಾರವೇ ಹೋಗೋಣವೆಂದಳು. ಮೊದಲು ಚೀಲ ಆಗಲಿ ಎಂದೆ ನಾನು.

ಇಲ್ಲೊಂದು ವಿಷಯ ಬಿಚ್ಚಿ ಹೇಳಬೇಕು. ಚೀಲವಿಲ್ಲದ ನನ್ನ ಕ್ಯಾಮೆರಾ ಅಲ್ಲಿಯವರೆಗೆ ಇರುತ್ತಿದ್ದದ್ದು ನಮ್ಮ ಮಗುವಿನ ಹಳೆಯ ಕುಲಾವಿಯಲ್ಲಿ. ಕೆಂಪು ಉಲ್ಲನ್ನಿನ ಆ ಟೊಪ್ಪಿಗೆ ಅದಕ್ಕೆ ಅಳತೆ ತೆಗೆದು ಹೆಣೆದಂತೆ ಕೂಡುತ್ತಿತ್ತು. ತುದಿಯಲ್ಲಿ ಎರಡು ಗೊಂಡೆ. ಅವನ್ನೇ ಗಂಟು ಹಾಕಿ ಗೂಟಕ್ಕೆ ನೇತುಹಾಕುತ್ತಿದ್ದೆ. ಮನೆಯಲ್ಲಿ ಸರಿ. ಆದರೆ ಅತ್ತೆಯ ಮನೆಯ ಅಂಗಳದಲ್ಲಿ ಹತ್ತು ಜನರ ನಡುವೆ ಗೊಂಡೆ ಬಿಚ್ಚಿ, ಕೆಂಪು ಕುಲಾವಿಯಿಂದ ಕ್ಯಾಮೆರಾ ಹೊರಗೆ ತೆಗೆಯುವ ಅಳಿಯನನ್ನು ಯಾರು ಗೌರವಿಸುತ್ತಾರೆ? ಹೆಗಲಿಗೆ ಓರೆಯಾಗಿ ಚರ್ಮದ ಪಟ್ಟಿ, ಸೊಂಟದ ಬಳಿ ಕಂದು ಚೀಲ, ಅದರ ಮೂಗು ಸ್ವಲ್ಪ ಮುಂದೆ ಚಾಚಿರಬೇಕು. ಹಾಗೆ ಬಸ್ಸಿನಿಂದ ಇಳಿದರೆ ಬಂದವನು ಅಳಿಯನೆಂದು ಯಾರೂ ಹೇಳಬೇಕಾಗಿಲ್ಲ.

"ಅಲ್ರೀ, ಕುಲಾವಿಯೊಳಗ ಏನ ಆಗೇತ್ರಿ ಅದಕ್ಕ? ಬೆಚ್ಚಗ ಐತಿ," ಎಂದಳು ಗಿರಿಜೆ. ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಸ್ವಭಾವವಲ್ಲ.

ಚೀಲದ ಆಯ್ಕೆ ಶುರುವಾಯಿತು. ಬೆಳಗಾವಿಗೆ ಹೋದವರ ಕೈಯಲ್ಲಿ ಒಂದು ರೆಕ್ಸಿನ್ ಚೀಲ ತರಿಸಿದೆ. ಅದು ಬೇರೆ ಯಾವುದೋ ಕ್ಯಾಮೆರಾಕ್ಕೆ ಹೊಲಿದದ್ದು, ನನ್ನದು ಅದರೊಳಗೆ ದೊಡ್ಡವರ ಅಂಗಿ ತೊಟ್ಟ ಮಗುವಿನಂತೆ ಅಲ್ಲಾಡಿತು. ಕುಲಕರ್ಣಿಯವರು ಕಚೇರಿಯ ಅಟ್ಟದಿಂದ ಹಳೆಯ ದುರ್ಬೀನಿನ ಚೀಲ ಹುಡುಕಿ ಕೊಟ್ಟರು. ಅದರಲ್ಲಿ ಇಲಿ ಸಂಸಾರ ಮಾಡಿತ್ತು. ಒತ್ತುಗುಂಡಿಯೋ ಬಕ್ಕಲ್ಲೋ, ಒಳಗೆ ಮಖಮಲ್ಲೋ ಬನಾತೋ, ಇಡೀ ಮುಚ್ಚುವಂಥದೋ ಅರ್ಧ ಮುಚ್ಚುವಂಥದೋ ಎಂದು ಊಟದ ಬಿಡುವಿನಲ್ಲಿ ನಾವಿಬ್ಬರೂ ಗಂಭೀರವಾಗಿ ಚರ್ಚಿಸಿದೆವು. ಕುಲಕರ್ಣಿಯವರು ಬಕ್ಕಲ್ಲಿನ ಪಕ್ಷ. ಬಿಚ್ಚಲು ಹೊತ್ತು ಹಿಡಿಯುವ ಯಾವ ವಸ್ತುವಾದರೂ ಅವರಿಗೆ ಇಷ್ಟ. ಕೊನೆಗೆ ನಾನೇ ನಿರ್ಧಾರಕ್ಕೆ ಬಂದೆ. ಇಲಾಖೆಯಲ್ಲಿ ನಕ್ಷೆ ಬರೆಯುವವನು ನಾನು. ಕಾಲುವೆಗೆ, ತೂಬಿಗೆ ಗೆರೆ ಎಳೆದವನಿಗೆ ಚೀಲಕ್ಕೆ ಗೆರೆ ಎಳೆಯುವುದೇನು ಕಷ್ಟ? ಟ್ರೇಸಿಂಗ್ ಕಾಗದದ ಮೇಲೆ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಕಂಡಂತೆ ಚೀಲದ ನಕ್ಷೆ ಬರೆದು, ನೀಲಿ ಪ್ರತಿಯನ್ನೂ ತೆಗೆಸಿಕೊಂಡು ಮುಧೋಳದ ಚಪ್ಪಲಿ ಅಂಗಡಿಗೆ ಹೋದೆ. ಅಷ್ಟರಲ್ಲಿ ಶ್ರಾವಣ ಕಳೆದಿತ್ತು. ನೀವು ಚೀಲ ಆರಿಸುವುದರಲ್ಲಿ ಅಲ್ಲಿ ಕುಣಿ ಮುಚ್ಚಿ ಹೋಗುತ್ತದೆ ಎಂದು ಗಿರಿಜೆ ದಿನಕ್ಕೊಮ್ಮೆ ಹೇಳತೊಡಗಿದ್ದಳು. ಆಮೇಲೆ ಹೇಳುವುದನ್ನು ನಿಲ್ಲಿಸಿದಳು. ಅದು ಹೇಳುವುದಕ್ಕಿಂತ ಕೆಟ್ಟದ್ದು ಎಂದು ಮದುವೆಯಾದವರಿಗೆ ಗೊತ್ತು.

ಮುಧೋಳದ ಪರಸಪ್ಪನವರು ಸಣ್ಣ ಆಸಾಮಿಯಲ್ಲ. ಅವರ ಕೈಯ ಚಪ್ಪಲಿಗೆ ಸಾವಳಗಿಯ ಕಡೆಯಿಂದಲೂ ಜನ ಬಂದು ಕಾಯುತ್ತಿದ್ದರು. ನಾನು ಹೋದಾಗ ಒಬ್ಬರು ತಮ್ಮ ಬೇಟೆನಾಯಿಗೆ ಕೊರಳಪಟ್ಟಿ ಮಾಡಿಸಲು ಕೂತಿದ್ದರು. ಬಡಕಲು ಹೊಟ್ಟೆಯ, ಉದ್ದ ಮೂತಿಯ ಆ ನಾಯಿ ನನ್ನ ಕೈಯ ಕುಲಾವಿಯನ್ನು ಮೂಸಿ, ಮುಖ ತಿರುಗಿಸಿಕೊಂಡು ಕೂತಿತು. ಪರಸಪ್ಪನವರು ನನ್ನ ನೀಲಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಬಹಳ ಛಲೋ ಬರೆದೀರಿ ಎಂದು ಹೊಗಳಿ, ಅದರ ಮೇಲೆ ಅಂಟಿನ ಗಡಿಗೆ ಇಟ್ಟರು. ಆಮೇಲೆ ಕ್ಯಾಮೆರಾವನ್ನು ಅಂಗೈಯಲ್ಲಿ ಹಿಡಿದು, ಇದರ ಪಾದ ಸಣ್ಣದು ಎಂದರು. ಒಟ್ಟಿನಲ್ಲಿ ಅವರಿಗೂ ನನ್ನಷ್ಟೇ ಆತ್ಮವಿಶ್ವಾಸ. ಇಂಥ ಇಬ್ಬರು ಕೂಡಿದ ಕೆಲಸ ಹೇಗೆ ಕೆಡುತ್ತದೆ ಎಂದುಕೊಂಡು ಮರಳಿದೆ.

ಮುಂದಿನ ವಾರ ಚೀಲ ಸಿದ್ಧವಾಗಿತ್ತು. ಎಂಥ ಚೀಲ! ಜೋನಿ ಬೆಲ್ಲದ ಬಣ್ಣ, ಅಂಚಿಗೆ ಬಿಳಿಯ ಚರ್ಮದ ಹೆಣಿಗೆ, ಹಿತ್ತಾಳೆಯ ಬಕ್ಕಲ್ಲು, ಮೂಗಿನ ಮೇಲೊಂದು ಕೆಂಪು ಗೊಂಡೆ ಕೂಡ. ಗೊಂಡೆಯಿಂದ ತಪ್ಪಿಸಿಕೊಳ್ಳುವ ಯೋಗ ನನಗಿರಲಿಲ್ಲ. ಮುಚ್ಚಳ ಎತ್ತಿದೆ. ಕರ್ರ್ ಎಂದು ಸದ್ದು ಬಂತು. ಇಳಿಸಿದೆ. ಮತ್ತೆ ಕರ್ರ್. ನಮ್ಮ ಕಡೆ ಒಳ್ಳೆಯ ಚಪ್ಪಲಿಗೆ ಸದ್ದಿರಬೇಕು. ಗೌಡರು ಬಂದರೆ ಗೌಡರಿಗಿಂತ ಮೊದಲು ಅವರ ಚಪ್ಪಲಿ ಬರಬೇಕು. ಅದಕ್ಕಾಗಿ ಪದರುಗಳ ನಡುವೆ ಬೀಜವೋ ಏನೋ ಇಟ್ಟು ಹೊಲಿಯುವ ಒಂದು ವಿದ್ಯೆಯಿದೆ. ಸರಕಾರಿ ಮನುಷ್ಯನೆಂಬ ಅಭಿಮಾನಕ್ಕೆ ಪರಸಪ್ಪನವರು ಆ ವಿದ್ಯೆಯನ್ನೆಲ್ಲ ನನ್ನ ಚೀಲಕ್ಕೆ ಧಾರೆಯೆರೆದಿದ್ದರು. ಈ ಸದ್ದು ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ಅವರಿಗೆ ನೋವಾಯಿತು.

"ಸಾಹೇಬ್ರ, ಛಲೋ ತೊಗಲಂದ್ರ ಮಾತಾಡಬೇಕ್ರಿ. ಮೂಕ ತೊಗಲಿನ ಕೆಲಸ ನಮ್ಮ ಅಂಗಡಿಯೊಳಗ ಆಗೂದಿಲ್ಲ," ಎಂದರು.

ಮರಳಿ ಬರುವ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಗಾಡಿ ಕುಲುಕಿದಾಗಲೆಲ್ಲ ಅದು ಕರ್ರ್ ಎನ್ನುವುದು, ಪ್ರಯಾಣಿಕರೆಲ್ಲ ಬಗ್ಗಿ ಒಬ್ಬರ ಕಾಲು ಒಬ್ಬರು ನೋಡುವುದು. ನಾನೂ ಬಗ್ಗಿ ನೋಡಿದೆ. ಮನೆಗೆ ಬಂದು ಕುಸುಬಿ ಎಣ್ಣೆ ತಿಕ್ಕಿದರೆ ಮೆತ್ತಗಾದೀತೆಂದು ರಾತ್ರಿ ತಿಕ್ಕಿಟ್ಟೆ. ಬೆಳಿಗ್ಗೆಗೆ ಅದರ ದನಿ ಇನ್ನಷ್ಟು ತುಂಬಿಕೊಂಡಿತ್ತು.

ಇಷ್ಟಾದರೂ ನಾನು ಧೈರ್ಯಗೆಡಲಿಲ್ಲ. ಮಗ್ಗದ ಮನೆಯಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವಾಗ ಖಟಕ್ ಖಟಕ್ ಎಂಬ ಸದ್ದು ಇದ್ದೇ ಇರುತ್ತದೆ. ಅದರಲ್ಲಿ ಚೀಲದ ದನಿ ಮುಳುಗಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಕುಣಿ ಮುಚ್ಚಲು ಇನ್ನೆರಡು ದಿನ ಇರುವಾಗ ರಬಕವಿಗೆ ಹೋದೆವು. ಬಸ್ಸಿನಿಂದ ಇಳಿದದ್ದು ನಾನು ಕಲ್ಪಿಸಿದ್ದಂತೆಯೇ ಆಯಿತು. ಅದು ನನ್ನ ಜೀವನದ ಒಳ್ಳೆಯ ನಡಿಗೆಗಳಲ್ಲಿ ಒಂದು.

ಮಾವನವರು ಕೊನೆಯ ಸೀರೆ ನೇಯುತ್ತಿದ್ದರು. ಬಾಗಿಲಿಗೆ ಬೆನ್ನು. ಮಗ್ಗದ ಮನೆಗೆ ಚಪ್ಪಲಿ ಮೆಟ್ಟಿ ಯಾರೂ ಹೋಗುವಂತಿಲ್ಲ. ಅದು ದೇವರ ಮನೆಗೆ ಸಮ. ನಾನು ಬರಿಗಾಲಲ್ಲಿ ಗೋಡೆ ಹಿಡಿದು ಪಕ್ಕಕ್ಕೆ ಸರಿದೆ. ಗಿರಿಜೆ ಬಾಗಿಲ ಮರೆಯಲ್ಲಿ ನಿಂತಳು. ಅವಳ ಕಣ್ಣು ಆಗಲೇ ತುಂಬಿತ್ತು. ಬೆಳಕಿಂಡಿಯ ಬಿಸಿಲು ಸರಿಯಾಗಿ ಅವರ ಕೈಯ ಮೇಲೆ ಬಿದ್ದಿತ್ತು. ಮಗ್ಗ ಖಟಕ್ ಎಂದಾಗ ಬಕ್ಕಲ್ಲು ಬಿಚ್ಚಿದೆ. ಮತ್ತೆ ಖಟಕ್ ಎಂದಾಗ ಮುಚ್ಚಳವನ್ನು ಸ್ವಲ್ಪ ಎತ್ತಿದೆ. ಹೀಗೆ ತಾಳಕ್ಕೆ ಸರಿಯಾಗಿ ಎತ್ತುತ್ತ ಬಂದು, ಇನ್ನೇನು ಪೂರ್ತಿ ಎತ್ತಿದೆ ಎನ್ನುವಾಗ ನೂಲಿನ ಎಳೆಯೊಂದು ಹರಿದು ಮಗ್ಗ ನಿಂತಿತು. ನನ್ನ ಕೈ ನಿಲ್ಲಲಿಲ್ಲ. ಆ ನಿಶ್ಶಬ್ದದಲ್ಲಿ ಪರಸಪ್ಪನವರ ವಿದ್ಯೆಯೆಲ್ಲ ಒಮ್ಮೆಗೇ ಮಾತಾಡಿತು.

"ಯಾರಪಾ ಅದು, ಚಪ್ಪಲಿ ಹಾಕ್ಕೊಂಡು ಮಗ್ಗದ ಮನಿಯೊಳಗ ಬಂದಾವ್ರು?" ಮಾವನವರು ತಿರುಗದೆಯೇ ಕೇಳಿದರು. ಆ ದನಿಗೆ ಅಂಗಳದಲ್ಲಿದ್ದವರೂ ತಮ್ಮ ಕಾಲು ನೋಡಿಕೊಂಡರು.

ಅವರು ತಿರುಗಿದರು. ಅಳಿಯನನ್ನು ಕಂಡು ಮುಖ ಇನ್ನಷ್ಟು ಬಿಗಿಯಿತು. ಬೇರೆ ಯಾರಾದರೂ ಆಗಿದ್ದರೆ ಬೈಯಬಹುದಿತ್ತು. ಅಳಿಯನನ್ನು ಬೈಯುವಂತಿಲ್ಲ, ಬಿಡುವಂತಿಲ್ಲ. ನನ್ನ ಕಾಲು ನೋಡಿದರು. ಬರಿಗಾಲು. ಮತ್ತೆ ಮುಖ ನೋಡಿದರು. ನಾನು ಬೇರೆ ದಾರಿ ಕಾಣದೆ ಚೀಲವನ್ನು ಮುಂದೆ ಹಿಡಿದು ಒಮ್ಮೆ ಒತ್ತಿದೆ. ಕರ್ರ್ ಎಂದಿತು. ಮಾವನವರು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಒಳಗಿದ್ದ ಕ್ಯಾಮೆರಾವನ್ನು ಬಾಳೆಹಣ್ಣಿನ ಸಿಪ್ಪೆ ಕೊಟ್ಟಂತೆ ನನ್ನ ಕೈಗೆ ಕೊಟ್ಟು, ಚೀಲವನ್ನು ಮೂಸಿದರು, ಹಿಂಡಿದರು, ಕಿವಿಯ ಹತ್ತಿರ ಹಿಡಿದು ಮುಚ್ಚಳ ಆಡಿಸಿದರು. ಅದು ಮಾತಾಡಿತು. ಅವರ ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲವಾಗಿ, ಚಿಕ್ಕ ಮಕ್ಕಳಂತೆ ನಗತೊಡಗಿದರು. ನಾನು ಕ್ಯಾಮೆರಾ ಎತ್ತಿದೆ. ಕಿಂಡಿಯಲ್ಲಿ ಇಬ್ಬರು ಮಾವಂದಿರು ನಗುತ್ತಿದ್ದರು. ಉಂಗುರ ತಿರುಗಿಸಿದೆ. ಇಬ್ಬರೂ ಒಬ್ಬರಾದರು. ಗುಂಡಿ ಒತ್ತಿದೆ.

ಹಾಗೇಕೆ ನಿಂತಿರಿ ಎಂದು ಕೇಳಿದರು. ಫೋಟೋ ತೆಗೆದೆ ಎಂದು ಹೇಳಿದೆ. ಅವರು ನಂಬಲಿಲ್ಲ.

"ಸಪ್ಪಳನ ಬರಲಿಲ್ಲಲ್ರೀ, ಅಳಿಯಂದಿರ," ಎಂದರು. ನಂತರ ಸ್ವಲ್ಪ ಯೋಚಿಸಿ, "ಕ್ಯಾಮೆರಾ ಮೂಕ ಐತಿ. ಚೀಲ ಛಲೋ ಐತಿ," ಎಂದು ತೀರ್ಪು ಕೊಟ್ಟರು.

ಫೋಟೋ ತೊಳೆದು ಬಂದಾಗ ನಾವೇ ಹೋಗಿ ಕೊಟ್ಟೆವು. ಕುಣಿಯಲ್ಲಿ ಕಾಲು, ಮುಂದೆ ಅರ್ಧ ಸೀರೆ, ಕಿವಿಯ ಬಳಿ ಚೀಲ, ಬಾಯಿ ತುಂಬ ನಗು. ಅವರು ಅದನ್ನು ಬಹಳ ಹೊತ್ತು ನೋಡಿ, "ಹಾಂ, ಇಂವಾ ನಾನ ಅದೀನಿ," ಎಂದರು. ಗಿರಿಜೆ ಒಳಗೆ ಹೋಗಿ ಅತ್ತಳು. ಈಗ ಆ ಫೋಟೋ ಪವರ್‌ಲೂಮಿನ ಮೇಲಿನ ಗೋಡೆಯಲ್ಲಿದೆ.

ಚೀಲ ನನ್ನ ಕೈಗೆ ಮರಳಲಿಲ್ಲ. ಮಾವನವರು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ. ಅವತ್ತೇ ಅದರಲ್ಲಿ ಉಳಿದ ನೂಲಿನ ಕಂಡಿಕೆಗಳನ್ನು ತುಂಬಿಟ್ಟುಕೊಂಡಿದ್ದರು, ಕುಣಿ ಮುಚ್ಚಿದ ಮೇಲೆ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಹೆಗಲಿಗೆ ಓರೆಯಾಗಿ ಹಾಕಿಕೊಂಡು ಸಂಜೆ ಬಜಾರಕ್ಕೆ ಹೋಗುತ್ತಾರೆ. ದೂಳು ಬೀಳುತ್ತದೆಂದು ಗಿರಿಜೆ ಅದಕ್ಕೊಂದು ಖಾದಿಯ ಹೊದಿಕೆ ಹೊಲಿದು ಕೊಟ್ಟಿದ್ದಾಳೆ. ಮನೆಗೆ ಬಂದವರು ಫೋಟೋ ನೋಡಿ, ಈ ಚೀಲ ಯಾರು ಆರಿಸಿದರು ಎಂದು ಕೇಳುತ್ತಾರೆ. ಫೋಟೋ ಯಾರು ತೆಗೆದರೆಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಮೊನ್ನೆ ಗಿರಿಜೆಯ ದೊಡ್ಡಣ್ಣನ ಮಗನ ಮದುವೆ ನಿಶ್ಚಯವಾಯಿತು. ಭಾವನವರು ತಾವೇ ಜಮಖಂಡಿಗೆ ಬಂದು, ನೀವು ಎರಡು ದಿನ ರಜೆ ಹಾಕಲೇಬೇಕು ಎಂದರು. ನಾನು ಗೂಟದ ಮೇಲಿನ ಕೆಂಪು ಕುಲಾವಿಯ ಕಡೆ ನೋಡಿ, ಕ್ಯಾಮೆರಾಕ್ಕೆ ಎಷ್ಟು ರೀಲು ಹಾಕಿಸಲಿ ಎಂದು ಕೇಳಿದೆ.

"ಫೋಟೋಕ್ಕ ಸ್ಟುಡಿಯೋದಾವರಿಗೆ ಹೇಳೇವ್ರಿ," ಎಂದರು ಭಾವನವರು. "ನೀವು ಮುಧೋಳಕ್ಕ ಬಂದು ಮದುಮಗಗ ಚಪ್ಪಲಿ ಅಷ್ಟ ಆರಿಸಿ ಕೊಡ್ರಿ. ತೊಗಲಿನ ವಿಷಯದಾಗ ನಿಮ್ಮ ಕೈ ಹಿಡ್ಯಾವರಿಲ್ಲಂತ ಅಪ್ಪಾರು ಹೇಳ್ಯಾರ."

ರಜೆ ಹಾಕಿದೆ. ಪರಸಪ್ಪನವರ ಅಂಗಡಿಯಲ್ಲಿ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ನೋಡಿ ಆರಿಸಿಕೊಟ್ಟೆ. ಮದುವೆಯ ದಿನ ಮದುಮಗ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಹಂದರದಲ್ಲಿದ್ದವರೆಲ್ಲ ಎದ್ದು ನಿಂತರು.