ಚಿಕ್ಕಪ್ಪನ ಚೊಂಬು, ಹೆಮ್ಮಿಗೆಯ ದಿಬ್ಬ

ನಮ್ಮ ಚಿಕ್ಕಪ್ಪನನ್ನು ನೀವು ಮನೆಗೆ ಕರೆಯದಿರುವುದೇ ಒಳ್ಳೆಯದು. ಕರೆದಿರೋ, ನಿಮ್ಮ ನಡುಮನೆ ಒದ್ದೆ! ಕುಡಿಯಲು ಕೊಟ್ಟ ಚೊಂಬಿನಿಂದ ಒಂದಿಷ್ಟು ನೆಲಕ್ಕೆ ಚೆಲ್ಲಿ, ಅದು ಎತ್ತ ಹರಿಯುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡದೆ ಅವರ ಗಂಟಲಲ್ಲಿ ನೀರು ಇಳಿಯದು. ನಂಜನಗೂಡಿನಲ್ಲಿ ನೀರಾವರಿ ಸರ್ವೆಯ ಕೆಲಸ. ಹೊಳೆಯಿಂದ ನಾಲೆ ತೆಗೆದರೆ ಯಾವ ಹೊಲಕ್ಕೆ ನೀರು ತಾನಾಗಿ ಹರಿದೀತು, ಯಾವುದಕ್ಕೆ ಹತ್ತದು ಎಂದು ಅಳೆದು ನಕ್ಷೆಯಲ್ಲಿ ಗೆರೆ ಎಳೆಯಬೇಕು.

ಹೆಣ್ಣು ನೋಡಲು ಹೆಮ್ಮಿಗೆಗೆ ಹೋದಾಗಲೂ ಚೆಲ್ಲಿದರಂತೆ. ಹುಡುಗಿಯನ್ನು ಬಿಟ್ಟು ನೆಲ ನೋಡುತ್ತಿದ್ದ ವರನ ಮಡಿಲಿಗೆ ಒಳಗಿನಿಂದ ನೆಲ ಒರೆಸುವ ಬಟ್ಟೆ ಬಂದು ಬಿತ್ತಂತೆ. ಎಸೆದವರೇ ನಮ್ಮ ಚಿಕ್ಕಮ್ಮ! ಚೆಲ್ಲಿದ್ದು ನೀರೋ ಕಾಫಿಯೋ? ಮನೆಯಲ್ಲಿ ಒಮ್ಮತವಿಲ್ಲ. ಬಟ್ಟೆಯನ್ನು ಕತೆಗೆ ನಾನೇ ಸೇರಿಸಿದ್ದರೂ ಸೇರಿಸಿರಬಹುದು.

ಚಿಕ್ಕಮ್ಮನಿಗೆ ತವರಿನವರು ಊರಾಚೆಯ ದಿಬ್ಬದ ಮೇಲೆ ಒಂದು ತುಂಡು ಹೊಲ ಕೊಟ್ಟಿದ್ದರು. ಅಲ್ಲಿ ಭತ್ತದ ಪೈರು ನೋಡಬೇಕೆಂಬುದೊಂದೇ ಅವರ ಆಸೆ. ತೊಂಬತ್ತರ ದಶಕದಲ್ಲಿ ಆ ಕಡೆಯ ಸರ್ವೆ ಬಂದದ್ದು ಚಿಕ್ಕಪ್ಪನ ಪಾಲಿಗೇ! ಚಿಕ್ಕಮ್ಮ ಬೀದಿಗೆಲ್ಲ ಒಬ್ಬಟ್ಟು ಹಂಚಿದರು. ಚಿಕ್ಕಪ್ಪ ಅಳೆದರು, ರಜೆ ಹಾಕಿ ಮತ್ತೊಮ್ಮೆ ಅಳೆದರು, ದಿಬ್ಬವನ್ನು ಗೆರೆಯಾಚೆಗೆ ಬಿಟ್ಟರು.

"ಒಂದ್ ಗೆರೆ ಮೇಲುಕ್ಕೆ ಎಳುದಿದ್ರೆ ನಿಮ್ಮ ಕೈ ಸವುದೋಯ್ತಿತ್ತಾ?"

"ಗೆರೆ ಎಳೀಬೋದು ಕಣಮ್ಮಿ. ನೀರು ಹತ್ಬೇಕಲ್ಲ."

ಕೆಳಗಿನ ಹೊಲಗಳಿಗೆಲ್ಲ ನಾಲೆ ಬಂತು, ಭತ್ತ ಬಂತು. ಅಂದಿನಿಂದ ಚಿಕ್ಕಮ್ಮ ಊಟಕ್ಕೆ ಬಡಿಸಿ, ನೀರಿನ ಲೋಟವನ್ನು ಮಾತ್ರ ಅಟ್ಟದ ಮೇಲಿಡುತ್ತಿದ್ದರು. "ಎತ್ತರದಲ್ಲೈತೆ. ಅಳುದು ತಕ್ಕಳಿ." ಚಿಕ್ಕಪ್ಪ ಸ್ಟೂಲು ಹತ್ತಿ ಇಳಿಸಿಕೊಂಡು ಕುಡಿಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರಿಬ್ಬರೂ ನಕ್ಕಂತೆ ನನಗೆ ನೆನಪು. ನಂಬಬೇಡಿ, ನೆನಪೂ ಇಳಿಜಾರು ಸಿಕ್ಕ ಕಡೆಗೇ ಹರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಚಿಕ್ಕಮ್ಮ ತೀರಿಕೊಂಡರು. ಅವರೇ ಹೇಳಿಟ್ಟಿದ್ದಂತೆ ಆ ದಿಬ್ಬದಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲುತುಪ್ಪಕ್ಕೆ, ನೆಂಟರೆಲ್ಲ ಸಮಾಧಿಯ ಗುಡ್ಡೆಗೆ ಹಾಲು ಬಿಟ್ಟು ಹಿಂದೆ ಸರಿದ ಮೇಲೆ, ಚಿಕ್ಕಪ್ಪ ಕೆಳಗಿನ ನಾಲೆಗೆ ಹೋಗಿ ಚೊಂಬು ತುಂಬಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದರು. ಗುಡ್ಡೆಯ ಮೇಲೆ ನಿಧಾನವಾಗಿ ಸುರಿದರು. ಆಮೇಲೆ, ಅಭ್ಯಾಸ ಬಿಟ್ಟೀತೇ, ಕುಕ್ಕರಗಾಲಲ್ಲಿ ಕೂತು ನೋಡತೊಡಗಿದರು. ನಾನೂ ಪಕ್ಕದಲ್ಲಿ ಕೂತೆ.

"ಎತ್ಲಾಗ್ ಹರೀತು ಚಿಕ್ಕಪ್ಪ?" ಎಂದೆ.

"ಎತ್ಲಾಗೂ ಓಗ್ನಿಲ್ಲ ಕಣ್ಲಾ," ಅಂದರು. "ಕುಡ್ಕೊಂಬುಟ್ಳು."

ಖಾಲಿ ಚೊಂಬು ಹಿಡಿದು ಮತ್ತೆ ನಾಲೆಯ ಕಡೆಗೆ ಇಳಿದರು.