ಮೇಜಿನ ಸುತ್ತಲಿನ ಬಟ್ಟೆಗಳ ಕುರಿತು

ಊಟದ ಮೇಜಿನ ಸುತ್ತ ಇರುವ ಬಟ್ಟೆಗಳೆಲ್ಲ ಪರಸ್ಪರ ಹೊಂದತಕ್ಕದ್ದು. ಹೊಂದದ ಬಟ್ಟೆಯನ್ನು ಬಡಿಸುವ ಮುನ್ನವೇ ತೆರವುಗೊಳಿಸತಕ್ಕದ್ದು ಎಂಬ ಸುತ್ತೋಲೆ, ಫ್ರಿಜ್ಜಿನ ಬಾಗಿಲಿಗೆ ಅಂಟಿದ ಕ್ಷಣದಿಂದ ಆ ಮನೆಯಲ್ಲಿ ಜಾರಿಗೆ ಬಂತು.

ಹೊರಡಿಸಿದವರು ಮನೆಯ ಯಜಮಾನರು, ನಿವೃತ್ತ ಸೂಪರಿಂಟೆಂಡೆಂಟರು. ಸೇವೆಯಲ್ಲಿದ್ದಷ್ಟು ಕಾಲ ಅವರ ಒಂದು ಸುತ್ತೋಲೆಯನ್ನೂ ಯಾರೂ ಹಿಂತೆಗೆದುಕೊಂಡಿರಲಿಲ್ಲ. ಓದಿಯೂ ಇರಲಿಲ್ಲ ಅನ್ನಿ, ಅದು ಬೇರೆ ಮಾತು.

ಕಾರಣ ಇಷ್ಟೇ. ಹೆಂಡತಿ ನೀಲಿ ಹೂವಿನ ಮೇಜುಬಟ್ಟೆಯ ಮೇಲೆ ಹಳದಿ ನ್ಯಾಪ್ಕಿನ್ ಇಟ್ಟಿದ್ದರು.

"ಇದೇನೇ ಇದು, ನೀಲಿಗೆ ಹಳದಿ?"

"ಬೆರೆಸಿ ಹಾಕೋದು ಈಗಿನ ಫ್ಯಾಷನ್ನು ರೀ."

"ಫ್ಯಾಷನ್ನಿಗೆ ಮಂಜೂರಾತಿ ಕೊಟ್ಟೋರು ಯಾರು?"

ಸುತ್ತೋಲೆಯನ್ನು ಮೊದಲು ಓದಿದವಳು ಮಗಳು. ಕಾನೂನು ಓದುತ್ತಿದ್ದವಳು, ಓದಿದ್ದೆಲ್ಲ ಅಪ್ಪನ ಮೇಲೆಯೇ ಪ್ರಯೋಗ. "ಅಪ್ಪಾ, ಅಂಗಿ ಕೂಡ ಬಟ್ಟೇನೇ ತಾನೆ?"

ಸೂಪರಿಂಟೆಂಡೆಂಟರು ತಮ್ಮ ಕಂದು ಅಂಗಿಯನ್ನು ನೋಡಿಕೊಂಡರು. 'ಮೇಜಿನ ಮೇಲಿನ' ಎಂದು ಬರೆಯಬೇಕಾದಲ್ಲಿ 'ಮೇಜಿನ ಸುತ್ತ' ಎಂದು ಬರೆದಿದ್ದರು. ತಿದ್ದಬಹುದಿತ್ತು. ಆದರೆ ತಿದ್ದಿದರೆ ತಪ್ಪಾಗಿತ್ತು ಎಂದಾಗುತ್ತದೆ. ಆದ್ದರಿಂದ ಗಂಭೀರವಾಗಿ, "ಸೇರುತ್ತೆ. ಉದ್ದೇಶಪೂರ್ವಕವಾಗೇ ಸೇರಿಸಿದ್ದು," ಎಂದು ಹೋಗಿ ನೀಲಿ ಅಂಗಿ ತೊಟ್ಟು ಬಂದರು.

ಅಂದು ರಾತ್ರಿ ಊಟಕ್ಕೆ ಮಗಳು ಮೆಚ್ಚಿದ ಹುಡುಗ ಬರುವವನಿದ್ದ. ಟೈಲರು. "ಟೈಲರಿಗೆ ಮಗಳನ್ನ ಕೊಡೋದಾ? ಊಟ ಹಾಕಿ, ಮರ್ಯಾದೆಯಾಗಿ ಇಲ್ಲ ಅಂದು ಕಳಿಸ್ತೀನಿ," ಎಂದು ಯಜಮಾನರು ಮೊದಲೇ ತೀರ್ಮಾನಿಸಿಯಾಗಿತ್ತು. ಮಗಳು ಅಳಲಿಲ್ಲ, ಗೋಗರೆಯಲಿಲ್ಲ. ಮಧ್ಯಾಹ್ನ ಸುತ್ತೋಲೆಯನ್ನು ಇನ್ನೊಮ್ಮೆ ಓದಿ, ಯಾರಿಗೋ ಫೋನು ಮಾಡಿದಳು.

ಸಂಜೆ ನೀಲಿ ಅಂಗಿಯಲ್ಲಿ ಠೀವಿಯಿಂದ ಮೇಜಿನ ಬಳಿ ಬಂದ ಸೂಪರಿಂಟೆಂಡೆಂಟರು ಅಲ್ಲೇ ನಿಂತರು. ಮೇಜಿನ ಮೇಲೆ ಕೆಂಪು ಚೌಕಳಿಯ ಹೊಸ ಬಟ್ಟೆ, ಹುಡುಗ ತಂದ ಉಡುಗೊರೆ. ನ್ಯಾಪ್ಕಿನ್ನು ಕೆಂಪು ಚೌಕಳಿ. ಹುಡುಗನ ಅಂಗಿ ಕೆಂಪು ಚೌಕಳಿ. ಹೆಂಡತಿ, ಮಗಳು ತೊಟ್ಟ ಉದ್ದನೆಯ ಅಂಗಿಗಳೂ ಅದೇ ಥಾನಿನವು.

"ರೀ, ನೀವು ತೆರವಾಗ್ಬೇಕಾಗುತ್ತೆ," ಎಂದರು ಹೆಂಡತಿ, ನೀರಿನ ಲೋಟ ಜೋಡಿಸುತ್ತ.

"ಇದು ಒಳಸಂಚು!"

"ಅಲ್ಲಪ್ಪಾ, ಪಾಲನೆ," ಎಂದಳು ಮಗಳು.

ಯಜಮಾನರು ತೆರವಾದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಪಾತ್ರೆಗಳೆಲ್ಲ ಮೇಜಿಗೆ ಹೋಗಿದ್ದವು. ಅವರ ಪಾಲಿಗೆ ಹುರಿದ ಬೆಳ್ಳುಳ್ಳಿಯ ವಾಸನೆ ಮಾತ್ರ ಉಳಿದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಮೇಜುಬಟ್ಟೆ ಇದ್ದಷ್ಟು ಬಾಯಿ ತೆರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಚೆ ನಗು, ಚಮಚದ ಸದ್ದು, ನಡುನಡುವೆ ಮದುವೆಯ ಮಾತು.

"ನನ್ನ ಒಪ್ಪಿಗೆ ಬೇಡ್ವಾ?" ಎಂದು ಅಲ್ಲಿಂದಲೇ ಕೂಗಿದರು.

"ಒಪ್ಪಿಗೆ ಮೇಜಿನ ಹತ್ರ ಕೂತು ಕೊಡಬೇಕಪ್ಪಾ!"

ಆಗ ಹುಡುಗ ಒಳಗೆ ಬಂದ. ಕೈಯಲ್ಲಿ ಟೇಪು. "ಸಾರ್, ಇನ್ನೊಂದು ಅಂಗಿಗೆ ಆಗೋಷ್ಟು ಬಟ್ಟೆ ಉಳಿದಿದೆ. ಅಂಗಡಿ ಎದುರಿಗೇ ಇದೆ, ಬಡಿಸಿದ್ದು ಆರೋದ್ರೊಳಗೆ ಹೊಲೀತೀನಿ. ಆದ್ರೆ ಅದು ಮನೆಯವರಿಗೆ ಅಂತ ಇಟ್ಟಿರೋ ಬಟ್ಟೆ. ಹೊರಗಿನೋರಿಗೆ ಹೊಲಿಯೋಕಾಗಲ್ಲ."

ಸೂಪರಿಂಟೆಂಡೆಂಟರ ಹೊಟ್ಟೆ ಗುರ್ರೆಂದಿತು. ಗಂಟಲು ಸರಿಮಾಡಿಕೊಂಡು, "ಭುಜ ಸ್ವಲ್ಪ ಸಡಿಲ ಇರಲಿ, ಅಳಿಯಂದ್ರೇ," ಎಂದರು.

"ಆಗ್ಲಿ ಮಾವ."

ಮದುವೆ ನಡೆಯಿತು, ಎಲ್ಲರೂ ಸುಖವಾಗಿದ್ದಾರೆ. ಸುತ್ತೋಲೆ ಇಂದಿಗೂ ಜಾರಿಯಲ್ಲಿದೆ. ಮೇಜುಬಟ್ಟೆ ಒಗೆತಕ್ಕೆ ಹೋಗುವ ದಿನ, ಸೆಟ್ಟು ಒಡೆಯಬಾರದೆಂದು ಹೆಂಡತಿ ಅವರ ಅಂಗಿಯನ್ನೂ ಬಿಚ್ಚಿಸಿ ಒಯ್ಯುತ್ತಾರೆ. ಬಟ್ಟೆ ಒಣಗುವವರೆಗೆ ಯಜಮಾನರು ಬರಿಮೇಜಿನ ಮುಂದೆ ಬರಿಮೈಯಲ್ಲಿ ಕೂತು, ನೆಟ್ಟಗೆ ಊಟ ಮಾಡುತ್ತಾರೆ. ಪಕ್ಕದ ಮನೆಯವರು ಒಮ್ಮೆ ಇಣುಕಿ, ಇದೇನು ಸ್ವಾಮಿ ಎಂದು ಕೇಳಿದ್ದರು.

"ಬರಿದಕ್ಕೆ ಬರಿದು," ಎಂದರು ಸೂಪರಿಂಟೆಂಡೆಂಟರು, ತುತ್ತು ಕಲಸುತ್ತ. "ಹೊಂದಿಕೆಯಲ್ಲಿ ಲೋಪ ಕಂಡುಬಂದಿಲ್ಲ."